ಮಲ್ಲಟದ ರಸ್ತೆ ಬಂದ್

ಮಾನ್ವಿ ತಾಲ್ಲೂಕಿನ ಶಾಂತಿ ಸುವ್ಯವಸ್ಥೆಯನ್ನೇ ಅಲುಗಾಡಿಸುವಂಥ ಪ್ರಕರಣವೊಂದು ಡಿಸೆಂಬರ್ ಎಂಟರ ಬೆಳಿಗ್ಗೆ ಠಾಣೆಯ ಮೆಟ್ಟಿಲೇರಿತು. ‘ರಸ್ತೆ ಬಂದ್’ ಎಂದು ಬರೆದಿದ್ದ ತಗಡಿನ ಫಲಕವೊಂದು ಕಳವಾಗಿತ್ತು.

ದೂರುದಾರ ಶಿವರಾಜ, ದೇವದುರ್ಗ ರಸ್ತೆಯ ಕಿರುಸೇತುವೆ ಕಾಮಗಾರಿಯ ಮೇಲ್ವಿಚಾರಕ.

“ಬೋರ್ಡ್ ಒಂದೇ ಹೋಗ್ಯಾದೇನ್ರಿ? ಸಿಮೆಂಟು, ಕಬ್ಬಿಣ?” ಇನ್‌ಸ್ಪೆಕ್ಟರ್ ಜಗದೀಶ ಕೇಳಿದ.

“ಎಲ್ಲಾ ಅದಾವ್ರಿ ಸಾಹೇಬ್ರ. ಕಬ್ಬಿಣ ಬಿಟ್ಟು ಬೋರ್ಡ್ ಒಯ್ದಾನಂದ್ರ ಅಂವ ಎಂಥಾ ಕಳ್ಳರಿ!”

ಕಳ್ಳರ ಬುದ್ಧಿಯ ಮೇಲೆ ಜಗದೀಶನಿಗೆ ಮೊದಲಿಂದ ಒಂದಿಷ್ಟು ಗೌರವವಿತ್ತು. ಆ ಬೆಳಿಗ್ಗೆ ಅದಕ್ಕೆ ಪೆಟ್ಟು ಬಿತ್ತು. ಆದರೂ ಎಫ್ಐಆರ್ ದಾಖಲಾಯಿತು.

ಅಷ್ಟರಲ್ಲಿ ರಾಯಚೂರಿನಿಂದ ಸಹಾಯಕ ಎಂಜಿನಿಯರ್ ವಿಜಯಶ್ರೀ ಬಂದಿಳಿದಳು. ಬೇಸಿಗೆಯಲ್ಲಿ ಮಲ್ಲಟ ಗ್ರಾಮದ ರಸ್ತೆಗೆ ಡಾಂಬರು ಹಾಕಿಸಿದ್ದು ಅವಳೇ. ಡಾಂಬರಿಗೆ ಅಕ್ಕಿ ಮಿಲ್ಲಿನ ಹೊಟ್ಟಿನ ಬೂದಿ, ಕಾದ ಜಲ್ಲಿಕಲ್ಲಿನ ಖಡಿಗೆ ಹಾಲಿನ ಪ್ಯಾಕೆಟ್ಟು, ಕ್ಯಾರಿಬ್ಯಾಗುಗಳ ಚೂರು ಬೆರೆಸಿದ್ದಳು. ಕಚೇರಿಯ ಹಿರಿಯರು ಅದಕ್ಕೆ ‘ಕಸದ ರಸ್ತೆ’ ಎಂದು ನಾಮಕರಣ ಮಾಡಿ ಮಳೆಗಾಲಕ್ಕೆ ಕಾದಿದ್ದರು. ಮಳೆ ಮುಗಿದಿತ್ತು. ಅಂದೇ ಮಧ್ಯಾಹ್ನ ಮೇಲಧಿಕಾರಿಗಳ ಪರಿಶೀಲನೆ. ರಸ್ತೆ ಗಟ್ಟಿಯಿದ್ದರೆ ಅರಕೇರಾ ರಸ್ತೆಗೂ ಅದೇ ಮಿಶ್ರಣ. ಇಲ್ಲದಿದ್ದರೆ ಅವಳ ಪ್ರಯೋಗ ಅಲ್ಲಿಗೇ ಮುಗಿಯಿತು.

“ಸರ್, ಮಲ್ಲಟದ ರಸ್ತಿ ಬಂದ್ ಆಗ್ಯಾದಂತ. ಬಸ್ಸು ಸುತ್ತು ಹಾಕ್ಕೊಂಡು ಹೊಂಟಾವಂತ.”

“ನೀವು ಬಂದ್ ಮಾಡೀರೇನ್ರಿ?”

“ಇಲ್ರಿ. ರಸ್ತಿ ಕುಸಿದು ಊರವ್ರೇ ಬೋರ್ಡ್ ನಿಲ್ಲಿಸ್ಯಾರೇನೋ ಅಂತ ಎದಿ ಹೊಡ್ಕೊಳ್ಳಾಕತ್ತದ.”

“ಬೋರ್ಡ್?” ಎಂದು ಶಿವರಾಜ ಎದ್ದು ನಿಂತ. ಜಗದೀಶ ಟೋಪಿ ಕೈಗೆತ್ತಿಕೊಂಡ.

ಪೇದೆ ಮಿನಾಜ್ ಮೂವರನ್ನೂ ಹತ್ತಿಸಿಕೊಂಡು ಜೀಪು ಓಡಿಸಿದಳು. ಮಲ್ಲಟದ ತಿರುವಿನಲ್ಲಿ ಕಳವಾದ ಮಾಲು ರಸ್ತೆಯ ನಡುವೆ ನಿಂತು ನಿಷ್ಠೆಯಿಂದ ಕರ್ತವ್ಯ ನಿರ್ವಹಿಸುತ್ತಿತ್ತು. ಅದರಾಚೆ ರಸ್ತೆಯುದ್ದಕ್ಕೂ ಭತ್ತ ಹರವಿತ್ತು. ಚನ್ನಮಲ್ಲಮ್ಮ ಎಂಬ ರೈತ ಹೆಂಗಸು ಕಾಲೆಳೆಯುತ್ತಾ ನಡೆದು ಅದನ್ನು ಮಗುಚುತ್ತಿದ್ದಳು.

ವಿಜಯಶ್ರೀ ಜೀಪಿನಿಂದ ಇಳಿದವಳೇ ಫಲಕ ದಾಟಿ ಓಡಿದಳು. ಕುಕ್ಕರುಗಾಲಲ್ಲಿ ಕೂತು ಭತ್ತ ಸರಿಸಿ ರಸ್ತೆ ಮುಟ್ಟಿದಳು. ಮುಂದೆ ಹೋಗಿ ಮತ್ತೆ ಕೂತಳು.

“ಯವ್ವಾ, ಬೋರ್ಡ್ ಯಾರು ಇಟ್ರು?” ಜಗದೀಶ ವಿಚಾರಣೆ ಆರಂಭಿಸಿದ.

“ನಾನೇ ಇಟ್ಟೀನಿ.”

“ಎಲ್ಲಿಂದ ತಂದಿ?”

“ಸೇತುವಿ ಕಡಿಂದ. ಟಂಟಂ ಆಟೋದಾಗ ಹಾಕ್ಕೊಂಡು. ಅಲ್ಲಿ ಎರಡಿದ್ವು, ಒಂದು ಅವ್ರಿಗೇ ಬಿಟ್ಟೀನಲ್ಲಪ್ಪ.”

“ಯಾಕ?”

“ಗಾಲಿ ಹಾಯ್ದ್ರ ಕಾಳು ಒಡೀತಾವ. ಹಳಿ ರಸ್ತಿ ಮ್ಯಾಗ ಒಣಗಿಸಿದ್ರ ಭತ್ತಕ್ಕಿಂತ ಖಡಿನೇ ಹೆಚ್ಚು. ಇದು ನೋಡು, ಒಂದು ಹರಳು ಏಳಂಗಿಲ್ಲ. ಇಂಥಾ ರಸ್ತಿ ಮ್ಯಾಗ ಲಾರಿ ಬಿಡ್ತಾರ, ಬುದ್ಧಿ ಬ್ಯಾಡ?”

ವಿಜಯಶ್ರೀ ಮುಷ್ಟಿ ತುಂಬ ಭತ್ತ ಹಿಡಿದು ಹಿಂದಿರುಗಿದಳು. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

“ಬಿರುಕಿಲ್ಲ ಸರ್. ಒಂದು ಹರಳೂ ಕಿತ್ತಿಲ್ಲ. ಇದನ್ನ ಪಂಚನಾಮೆದಾಗ ಬರೀರಿ.”

“ಇದು ಕಳವಿನ ಪಂಚನಾಮೆರಿ ಮೇಡಂ.”

“ಸ್ಥಳದ ವಿವರ ಇರಬೇಕಲ್ರಿ?”

ಇರಬೇಕು ನಿಜ. ಜಗದೀಶ ದಾರಿಹೋಕರಿಬ್ಬರನ್ನು ಪಂಚರೆಂದು ನಿಲ್ಲಿಸಿ, ಜರಡಿ ತರಿಸಿ ಭತ್ತ ಸೋಸಿಸಿ, ಬರೆಸಿದ: ಸದರಿ ಭತ್ತವನ್ನು ಪಂಚರ ಸಮಕ್ಷಮ ಜರಡಿ ಹಿಡಿಯಲಾಗಿ ಖಡಿ ಕಂಡುಬಂದಿರುವುದಿಲ್ಲ.

“ನಡಿ ಯವ್ವಾ, ಜೀಪ್ ಹತ್ತು,” ಎಂದಳು ಮಿನಾಜ್.

“ಭತ್ತ ಯಾರು ಕಾಯ್ತಾರಬೇ? ಮೇಕಿ ಬರ್ತಾವ.”

ಎಲ್ಲರೂ ಶಿವರಾಜನನ್ನು ನೋಡಿದರು. ನೆರೆಯವರು ಬಂದು ಚೀಲ ತುಂಬುವವರೆಗೂ ದೂರುದಾರನೇ ಆರೋಪಿಯ ಭತ್ತ ಕಾಯ್ದ.

ಠಾಣೆಯ ಹೇಳಿಕೆಯಲ್ಲಿ ಚನ್ನಮಲ್ಲಮ್ಮನ ದನಿ ಇಳಿದಿತ್ತು. ಹೋದ ಸುಗ್ಗಿಯಲ್ಲಿ ಮಿಲ್ಲಿನವರು ಹತ್ತು ಜನರೆದುರು ಅವಳ ಭತ್ತ ಜರಡಿ ಹಿಡಿದು, ತೂಕಕ್ಕೆ ಖಡಿ ಬೆರೆಸಿದ್ದಾಳೆ ಎಂದಿದ್ದರಂತೆ. ಬೆರೆಸಿದ್ದು ಹಳೆಯ ರಸ್ತೆ. ಈ ಸಲ ಆ ಮಾತು ಮತ್ತೆ ಕೇಳುವ ಶಕ್ತಿ ತನಗಿರಲಿಲ್ಲ ಎಂದಳು.

ಸಂಜೆ ನ್ಯಾಯಾಲಯ ಜಾಮೀನು ಕೊಟ್ಟಿತು. ಮೇಲಧಿಕಾರಿಗಳ ಪರಿಶೀಲನೆಯೂ ಮುಗಿದು, ಅರಕೇರಾ ರಸ್ತೆಗೆ ಅದೇ ಮಿಶ್ರಣ ಮಂಜೂರಾಯಿತು.