ಹೊಸ್ತಿಲ ಮೇಲಿನ ಎಡಗಾಲು

ನಾನು ಮೂವತ್ತು ವರ್ಷದಿಂದ ಕಲ್ಲು ಕೆತ್ತುತ್ತಿದ್ದೇನೆ. ಕಲ್ಲು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಮಧುವನಹಳ್ಳಿಯ ಆಚೆ ಹೊಲಗಳ ನಡುವೆ ಚೋಳರ ಕಾಲದ್ದು ಎನ್ನುವ ಪುಟ್ಟ ಈಶ್ವರನ ಗುಡಿಯಿದೆ. ಎರಡು ಕಂಬ, ತಲೆ ಬಗ್ಗಿಸಿಯೇ ಒಳಹೋಗಬೇಕಾದ ಬಾಗಿಲು, ಅಷ್ಟೆ. ಅದರ ಹೊಸ್ತಿಲಿನ ನಡುವೆ ಎಡಗಾಲಿನ ಆಕಾರದ ಹಳ್ಳವೊಂದು ಸವೆದಿತ್ತು. ಗುಡಿಯ ಹೊಸ್ತಿಲನ್ನು ನಮ್ಮಲ್ಲಿ ದಾಟುತ್ತಾರೆಯೇ ಹೊರತು ಯಾರೂ ತುಳಿಯುವುದಿಲ್ಲ. ಕಲ್ಲು ಬಿರುಕು ಬಿಟ್ಟಿತ್ತೆಂದು ಕಳೆದ ಮಾಘದಲ್ಲಿ ನಾನೇ ಹೊಸದನ್ನು ಕೂರಿಸಿದೆ. ಹಳೆಯದನ್ನು ತಂದು ನಮ್ಮ ತುಳಸಿಕಟ್ಟೆಯ ಮುಂದೆ ಹಾಕಿದೆ. ಹಳ್ಳದಲ್ಲಿ ನಿಂತ ನೀರನ್ನು ಗುಬ್ಬಿಗಳು ಕುಡಿಯುತ್ತಿದ್ದವು.

ಹೊಸ ಕಲ್ಲು ಕೂರಿಸಿದ ಹನ್ನೊಂದನೆಯ ದಿನ ಮಧ್ಯಾಹ್ನ ಗುಡಿಗೆ ಹೋದೆ. ಹೊಸ ಕಲ್ಲಿನಲ್ಲಿ ಅದೇ ಹಳ್ಳ, ನನ್ನ ಹೆಬ್ಬೆರಳು ಮುಳುಗುವಷ್ಟು ಆಳ. ಕಲ್ಲೆಲ್ಲ ತಣ್ಣಗಿತ್ತು; ಅಲ್ಲಿ ಮಾತ್ರ ಯಾರೋ ಈಗತಾನೆ ಕಾಲು ತೆಗೆದ ಹಾಗೆ ಬೆಚ್ಚಗಿತ್ತು.

ಕಸ ಗುಡಿಸುತ್ತಿದ್ದ ಪುಟ್ಟತಾಯಮ್ಮ ನಕ್ಕಳು. "ನಿನ್ ಕಲ್ಲ ಒಪ್ಕಂಡವ್ರೆ ಬುಡು. ಯಾಕಪ್ಪ ಎದ್ರುಕತೀಯ? ಕೂತ್ಕೊ, ಬಾಳೆಅಣ್ಣು ತಿನ್ನು."

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಲಿಲ್ಲ. ನನ್ನ ಕೆಲಸ ಯಾರಿಗೋ ಹಿಡಿಸಿತಲ್ಲ ಎನ್ನಿಸಿತು. ಹಣ್ಣು ತಿಂದು ಹಾಯಾಗಿ ಮನೆಗೆ ಬಂದೆ.

ಸಂಜೆ ತುಳಸಿಗೆ ನೀರು ಹಾಕಿದಾಗ ಗುಬ್ಬಿಗಳು ಎಂದಿನಂತೆ ಹಳೆಯ ಹೊಸ್ತಿಲಿಗೆ ಇಳಿದವು. ಅದರ ಮೇಲೆ ಸುರಿದ ನೀರು ನಿಲ್ಲದೆ ಹರಿದುಹೋಯಿತು. ಬಗ್ಗಿ ಕೈಯಾಡಿಸಿ ನೋಡಿದೆ. ಬಿರುಕು ಇತ್ತು, ಹಳ್ಳ ಇರಲಿಲ್ಲ.