ಅಣ್ಣ ಷಿಯಾನಿನಲ್ಲಿದ್ದ ದಿನ

ಅಮ್ಮನ ಕೃಷ್ಣನನ್ನು ಅಣ್ಣ ಬಿಯರ್ ಮಗ್ಗುಗಳ ಪಕ್ಕದಲ್ಲಿ ನಿಲ್ಲಿಸಿದ್ದ. ಪ್ರಭಂಜನನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದನ್ನು ಮೊದಲ ಸಲ ಕಂಡ ದಿನ.

ಗೇಣಿಗಿಂತ ಚಿಕ್ಕ ಪಂಚಲೋಹದ ವಿಗ್ರಹ, ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ. ಉಡುಪಿಯ ಮನೆಯಲ್ಲಿ ಅಮ್ಮ ವರ್ಷಗಟ್ಟಲೆ ಗಂಧ ಹಚ್ಚಿ, ತೊಳೆದು, ಒರೆಸಿ ಅದರ ಎಡಗಾಲಿನ ಹೆಬ್ಬೆರಳು ಸವೆದುಹೋಗಿತ್ತು. ಅಮ್ಮ ತೀರಿಕೊಂಡಾಗ ಮಕ್ಕಳಿಬ್ಬರೂ ಜರ್ಮನಿಯಿಂದ ಊರಿಗೆ ಧಾವಿಸಿದ್ದರು. ವೈಕುಂಠ ಸಮಾರಾಧನೆಯ ಮರುದಿನ ಅಣ್ಣ ಪ್ರದ್ಯುಮ್ನ ಕೃಷ್ಣನನ್ನು ಒಂದು ಟವೆಲಿನಲ್ಲಿ ಸುತ್ತಿ ತನ್ನ ಸೂಟ್‌ಕೇಸಿಗೆ ಹಾಕಿಕೊಂಡ. ತಮ್ಮನನ್ನು ಒಂದು ಮಾತು ಕೇಳಲಿಲ್ಲ.

ಅಣ್ಣನೆಂದರೆ ಜನಿವಾರ ಬಿಚ್ಚಿಟ್ಟು ಎಷ್ಟೋ ವರ್ಷವಾದವನು. ಶ್ವೀಬರ್ಡಿಂಗೆನ್‌ನಲ್ಲಿ ಮನೆ ಮಾಡಿಕೊಂಡು ಅಲ್ಲೇ ಕಾರುಗಳ ಎಲೆಕ್ಟ್ರಾನಿಕ್ಸ್ ಮಾಡುತ್ತಾನೆ, ಭಾನುವಾರ ಗ್ರಿಲ್ ಹಚ್ಚುತ್ತಾನೆ. ಪ್ರಭಂಜನನೋ, ಕಾರ್ಲ್ಸ್‌ರುಹೆಯ ಚಳಿಯಲ್ಲೂ ತಣ್ಣೀರು ಮಿಂದು ಸಂಧ್ಯಾವಂದನೆ ಮಾಡಿಯೇ ಲ್ಯಾಬಿಗೆ ಹೋಗುವವನು. ಇಷ್ಟಿದ್ದೂ ಅವನ ಪಾಲಿಗೆ ಬಂದದ್ದು ಚೌಕಟ್ಟು ಹಾಕಿದ ಒಂದು ಪಟ. ದೇವರು ಅಣ್ಣನಿಗೆ, ಭಕ್ತಿ ತಮ್ಮನಿಗೆ.

ಒಮ್ಮೆ ಬಾಯಿಬಿಟ್ಟು ಕೇಳಿದ್ದ. "ಅಣ್ಣ, ಕೃಷ್ಣನನ್ನು ನನಗೆ ಕೊಡು. ನಾನಾದ್ರೆ ದಿನಾ ಪೂಜೆ ಮಾಡ್ತೇನೆ."

"ದೇವರಿಗೆ ಇಲ್ಲಿಯೂ ಒಂದೇ, ಅಲ್ಲಿಯೂ ಒಂದೇ ಮಾರಾಯ," ಅಣ್ಣ ನಕ್ಕಿದ್ದ. "ಆಫೀಸಿನವರು ಬಂದಾಗೆಲ್ಲ ಇದೆಂತ ಅಂತ ಕೇಳ್ತಾರೆ. ಒಳ್ಳೆ ಶೋ ಉಂಟು."

ಶೋ ಎಂಬ ಆ ಒಂದು ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಮತ್ತೆ ಪ್ರಭಂಜನ ಕೇಳಲಿಲ್ಲ. ಕೇಳಿ ಸಿಗದಿದ್ದನ್ನು ಕೇಳದೆ ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿದ. ಬೆಣ್ಣೆ ಕಳ್ಳನನ್ನೇ ಕದ್ದರೆ ಅದು ಕಳ್ಳತನ ಹೇಗಾಗುತ್ತದೆ ಎಂದು ತನಗೆ ತಾನೇ ವಾದವನ್ನೂ ಹೂಡಿಕೊಂಡ. ಕದಿಯುವವನಿಗೆ ಶಾಸ್ತ್ರ ಬೇಗ ನೆನಪಾಗುತ್ತದೆ.

ಅವನ ಯೋಜನೆಯ ಸೊಗಸು ಇದ್ದದ್ದು ಒಂದೇ ಅಂಶದಲ್ಲಿ: ಕಳವಾಯಿತೆಂದು ಯಾರಿಗೂ ಗೊತ್ತೇ ಆಗದು. ಲ್ಯಾಬಿನಲ್ಲಿ ಅವನ ಕೆಲಸವೇ ವಸ್ತುಗಳ ಆಕಾರವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವುದು. ನವರಾತ್ರಿಯ ಊಟಕ್ಕೆ ಹೋದಾಗ, "ಅಮ್ಮನ ನೆನಪಿಗೆ ಒಂದು ಫೋಟೋ" ಎಂದು ವಿಗ್ರಹದ ಸುತ್ತ ಫೋನು ತಿರುಗಿಸಿ ಇಡೀ ಕೃಷ್ಣನನ್ನು ಅಳತೆ ಸಮೇತ ಅದರೊಳಗೆ ಇಳಿಸಿಕೊಂಡ. ಊರಿನ ಎರಕದವರು ಅದೇ ಅಳತೆಗೆ, ಅದೇ ತೂಕಕ್ಕೆ ಇನ್ನೊಂದನ್ನು ಎರೆದು ಕಳುಹಿಸಿದರು. ಹೊಸ ಲೋಹದ ಹೊಳಪನ್ನು ಎಣ್ಣೆ, ಹುಣಸೆಹುಳಿ, ದೀಪದ ಮಸಿ ಹಚ್ಚಿ ಅವನೇ ಅಡಗಿಸಿದ. ಎಡಗಾಲಿನ ಹೆಬ್ಬೆರಳನ್ನು ತಿಂಗಳುಗಟ್ಟಲೆ ಬಟ್ಟೆಯಲ್ಲಿ ಉಜ್ಜಿ ಸವೆಸಿದ. ಅಮ್ಮ ಒಂದು ಆಯುಷ್ಯದಲ್ಲಿ ಮಾಡಿದ್ದನ್ನು ಮಗ ಒಂದು ಚಳಿಗಾಲದಲ್ಲಿ ಮುಗಿಸಿದ.

ಅಣ್ಣನ ಮನೆಯ ಕೀ ಅವನ ಬಳಿ ಇತ್ತು. ಜರ್ಮನಿಗೆ ಬಂದ ಹೊಸತರಲ್ಲಿ ಅಲ್ಲೇ ಉಳಿದಿದ್ದಾಗ ಕೊಟ್ಟದ್ದು, ಕೊಟ್ಟವನಿಗೆ ಮರೆತುಹೋಗಿತ್ತು. ಇನ್ನು ಬೇಕಾದದ್ದು ಮನೆಯಲ್ಲಿ ಯಾರೂ ಇರದ, ಯಾರೂ ಹಠಾತ್ತನೆ ಬರದ ಒಂದು ಹಗಲು. ಅಣ್ಣನ ವಿಷಯದಲ್ಲಿ ಇದು ಸುಲಭವಲ್ಲ. ಬೇಸರ ಬಂತೆಂದು ಇಟಲಿಯಿಂದ ರಜೆಯ ನಡುವೆಯೇ ಎದ್ದು ಬಂದ ಆಸಾಮಿ ಅವನು.

ಬೇಸಗೆಯಲ್ಲಿ ಕಂಪನಿ ಅಣ್ಣನನ್ನು ಚೀನಾದ ಷಿಯಾನಿಗೆ ಕಳುಹಿಸಿತು. ಮದುವೆಯ ಇಪ್ಪತ್ತೈದನೇ ವರ್ಷವೆಂದು ಅತ್ತಿಗೆ ಶ್ರೀದೇವಿಯೂ ಜೊತೆಗೆ ಹೊರಟಳು. ಪ್ರಭಂಜನ ಉಡುಗೊರೆ ಕೊಟ್ಟ: ಷಿಯಾನಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವರಿಬ್ಬರಿಗಾಗಿಯೇ ಒಬ್ಬಳು ಗೈಡ್, ಒಂದು ಕಾರು. ಗೈಡನ್ನೂ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪನ್ನೂ ಮಾಡಿದ. "ಫೋಟೋ ಹಾಕ್ತಾ ಇರಿ. ನಮಗೂ ನೋಡಿದ ಹಾಗೆ ಆಗ್ತದೆ," ಎಂದ. ಅತ್ತಿಗೆಯ ಕಣ್ಣು ತುಂಬಿತು. "ಬೇರೆ ಊರಲ್ಲಿರುವ ನಮ್ಮ ಮಕ್ಕಳಿಗೂ ಇಷ್ಟು ಹೊಳೀಲಿಲ್ಲ," ಎಂದಳು. ಪ್ರಭಂಜನನಿಗೆ ಒಂದು ಕ್ಷಣ ನಾಚಿಕೆಯಾಯಿತು, ನಿಜ. ಬಿಯರ್ ಮಗ್ಗುಗಳನ್ನು ನೆನೆದೊಡನೆ ಅದು ಹೋಯಿತು.

ಆ ದಿನ ಬೆಳಿಗ್ಗೆ ಮನೆಯಿಂದಲೇ ಕೆಲಸವೆಂದು ಲ್ಯಾಬಿಗೆ ತಿಳಿಸಿ, ಹೆಂಡತಿ ಶುಭಾ ಕೆಲಸಕ್ಕೆ ಹೋದ ಮೇಲೆ ಹೊರಟ. ಹೊರಡುವ ಮೊದಲು ಸ್ನಾನ, ಸಂಧ್ಯಾವಂದನೆ, ಬಾಲ್ಕನಿಯ ತುಳಸಿ ಏರಿಸಿ ಪಟದ ಪೂಜೆ ಯಾವುದನ್ನೂ ಬಿಡಲಿಲ್ಲ. ಹಿಡಿದ ಕೆಲಸಕ್ಕೆ ವಿಘ್ನ ಬಾರದಿರಲೆಂದು ಕೈಮುಗಿದ. ತಲೆಗೆ ಕಿವಿ ಮುಚ್ಚುವ ಬಟ್ಟೆಯ ಟೋಪಿ, ಚೀಲದಲ್ಲಿ ಕೈಗವಸು, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ನಕಲು ಕೃಷ್ಣ. ಸ್ವಂತ ಕಾರನ್ನು ಮುಟ್ಟಲಿಲ್ಲ. ಅದನ್ನು ಅಣ್ಣನ ಬೀದಿಯವರೆಲ್ಲ ಬಲ್ಲರು.

ರೈಲಿನಲ್ಲಿ ಕೂತು ಅವನೂ ಷಿಯಾನ್ ನೋಡಿದ. ಅಲ್ಲಿ ಆಗಲೇ ಮಧ್ಯಾಹ್ನ ದಾಟಿತ್ತು. ಮಣ್ಣಿನ ಸೈನಿಕರ ಸಾಲುಗಳ ಮುಂದೆ ಅಣ್ಣ ಹೊಟ್ಟೆ ಒಳಗೆಳೆದು ನಿಂತಿದ್ದ. ಹಳೆಯ ಕೋಟೆಗೋಡೆಯ ಮೇಲೆ ಅತ್ತಿಗೆ ಹೆದರಿ ಹೆದರಿ ಸೈಕಲ್ ತುಳಿಯುತ್ತಿದ್ದಳು. ಪ್ರತಿಯೊಂದಕ್ಕೂ ಪ್ರಭಂಜನ ಹೆಬ್ಬೆರಳೆತ್ತಿದ ಚಿತ್ರ ಒತ್ತಿದ. ಶ್ವೀಬರ್ಡಿಂಗೆನ್‌ನಲ್ಲಿ ಬಸ್ಸಿಳಿಯುವಾಗ ಒಂದು ಎತ್ತರದ ಇಟ್ಟಿಗೆ ಗೋಪುರದ ಫೋಟೋ ಬಂತು. ಹ್ಯೂಯೆನ್ ತ್ಸಾಂಗ್ ಭಾರತದಿಂದ ಗ್ರಂಥಗಳನ್ನೂ ಮೂರ್ತಿಗಳನ್ನೂ ಹೊತ್ತು ತಂದನಲ್ಲ, ಅವಕ್ಕಾಗಿ ಕಟ್ಟಿಸಿದ್ದಂತೆ ಎಂದು ಅತ್ತಿಗೆ ಕೆಳಗೆ ಬರೆದಿದ್ದಳು. ಅವನು ಹೊತ್ತರೆ ಯಾತ್ರೆ, ನಾನು ಹೊತ್ತರೆ ಕಳವೇ ಎಂದುಕೊಂಡ ಪ್ರಭಂಜನ.

ಕೆಳಮನೆಯ ಮುದುಕಿ ಬೆಳಗಿನ ಹೊತ್ತು ಈಜುಕೊಳಕ್ಕೆ ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು. ಮೆಟ್ಟಿಲಲ್ಲಿ ನರಪಿಳ್ಳೆ ಇರಲಿಲ್ಲ. ಬಾಗಿಲು ತೆರೆದು, ಶೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಕೈಗವಸು ತೊಟ್ಟು ಒಳಗೆ ಹೋದ. ಮಗ್ಗುಗಳ ನಡುವೆ ಕೃಷ್ಣ ನಿಂತಿದ್ದ, ಹೂವಿಲ್ಲ, ಗಂಧವಿಲ್ಲ. ದೇವರನ್ನು ಇದ್ದ ಜಾಗದಿಂದ ಕದಲಿಸುವುದಕ್ಕೆ ಮುಂಚೆ ಅಪ್ಪಣೆ ಕೇಳಬೇಕು. ಟೋಪಿ ತೆಗೆದು, ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದ. ಆಮೇಲೆ ಎತ್ತಿಕೊಂಡ. ಧೂಳಿನಲ್ಲಿ ಮೂಡಿದ್ದ ಪೀಠದ ಗುರುತಿನ ಮೇಲೆಯೇ ನಕಲನ್ನು ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹೆತ್ತ ತಾಯಿಯೇ ಎದ್ದು ಬಂದರೂ ವ್ಯತ್ಯಾಸ ಹೇಳಲಾರಳು ಎನಿಸಿತು.

ಮನೆಯಲ್ಲಿ ಶುಭಾಳಿಗೆ, "ಅಮ್ಮನ ಕೃಷ್ಣನ ಹಾಗೇ ಒಂದು ಮಾಡಿಸಿದೆ," ಎಂದ. ಅಸಲನ್ನು ನಕಲೆಂದು ಹೇಳಿ ಪೂಜಿಸುವ ಗತಿ ಬಂತಲ್ಲ ಎಂದು ಕಹಿಯಾಯಿತು. ಆದರೂ ಸವೆದ ಆ ಹೆಬ್ಬೆರಳಿಗೆ ಗಂಧ ಹಚ್ಚುವಾಗ ಅಮ್ಮನ ಕೈ ತಾಗಿದಂತಾಗುತ್ತಿತ್ತು.

ಚೀನಾದಿಂದ ಮರಳಿದ ವಾರವೇ ಅಣ್ಣ ಊಟಕ್ಕೆ ಕರೆದ. ಶುಭಾಳಿಗೆ ಜ್ವರವಿತ್ತು, ಪ್ರಭಂಜನ ಬೆಳಗಿನ ಪೂಜೆ ಮುಗಿಸಿ ಒಬ್ಬನೇ ಹೋದ. ಊಟವಾದ ಮೇಲೆ ಅಣ್ಣ ಎದ್ದು, ಶೆಲ್ಫಿನಿಂದ ವಿಗ್ರಹ ತೆಗೆದು ತಂದು ತಮ್ಮನ ಎರಡೂ ಕೈಗಳಲ್ಲಿಟ್ಟ.

"ತಗೊ. ಇನ್ನು ನಿನ್ನ ಮನೆಯಲ್ಲೇ ಇರಲಿ," ಎಂದ ಅಣ್ಣ. ಅವನ ದನಿ ಎಂದಿನಂತಿರಲಿಲ್ಲ. "ಆ ಗೋಪುರದ ಹತ್ತಿರ ಗೈಡ್ ಹೇಳಿದ್ಲು, ಆ ಸನ್ಯಾಸಿ ಮೂರ್ತಿಗಳನ್ನು ಎಷ್ಟು ಜೋಪಾನವಾಗಿ ತಂದ ಅಂತ. ನಾನು ಟವೆಲಿನಲ್ಲಿ ಸುತ್ತಿ ತಂದದ್ದು ನೆನಪಾಯ್ತು. ನಿನ್ನನ್ನು ಕೇಳಲೂ ಇಲ್ಲ. ನನ್ನದು ತಪ್ಪು ಮಾರಾಯ."

ಪ್ರಭಂಜನ ತಾನೇ ಮಸಿ ಹಚ್ಚಿದ ಲೋಹವನ್ನು ಹಿಡಿದು ಕೂತ. ಒಂದು ಚಳಿಗಾಲವಿಡೀ ಉಜ್ಜಿದ ಹೆಬ್ಬೆರಳು ಅವನ ಅಂಗೈಗೇ ಒತ್ತುತ್ತಿತ್ತು. ಇನ್ನೊಂದಿಷ್ಟು ದಿನ ತಾಳಿದ್ದರೆ ಎಂದು ಮನಸ್ಸು ಹಲ್ಲು ಕಡಿಯಿತು. ಹೋಗಲಿ, ಹೇಗೂ ಬಚಾವಾದೆ. ಎರಡೂ ತನ್ನ ಮನೆಗೇ ಬಂದವು, ಇನ್ನು ಹೋಲಿಸಿ ನೋಡುವವರು ಯಾರೂ ಇಲ್ಲ ಎಂದು ಸಮಾಧಾನ ಹೇಳಿಕೊಂಡ.

"ಇನ್ನೊಂದು ಉಂಟು," ಎಂದಳು ಅತ್ತಿಗೆ. "ನಿನ್ನ ಅಣ್ಣ ನಗ್ತಾರೆ, ನಗಲಿ. ಹೊರಡುವ ದಿನ ಈ ಮನೆಯ ನೆಲ ಗುಡಿಸಿ ಒರೆಸಿ ಬೀಗ ಹಾಕಿದ್ದು ನಾನೇ. ಬಂದು ನೋಡಿದ್ರೆ ಕೃಷ್ಣನ ಎದುರಿಗೆ ನೆಲದಲ್ಲಿ ಇದು ಬಿದ್ದಿತ್ತು. ನಮ್ಮಲ್ಲಿ ತುಳಸಿ ಗಿಡವೇ ಇಲ್ಲ. ತುಳಸಿ ಇರುವ ಮನೆಗೆ ಕಳಿಸಿ ಅಂತ ದೇವರೇ ಹೇಳಿದ ಹಾಗಾಯ್ತು ನನಗೆ." ಬಟ್ಟಲಿನಲ್ಲಿ ಜೋಪಾನವಾಗಿ ತೆಗೆದಿಟ್ಟಿದ್ದ ಒಣಗಿದ ದಳವೊಂದನ್ನು ಅವಳು ಅವನ ಮುಂದೆ ಚಾಚಿದಳು. ಪ್ರಭಂಜನನ ಬಳಿ ಕೀಗೆ ಉತ್ತರವಿತ್ತು, ಆ ದಿನ ಎಲ್ಲಿದ್ದೆ ಎಂಬುದಕ್ಕೆ ಉತ್ತರವಿತ್ತು. ಪೂಜೆ ಮುಗಿದೊಡನೆ ಬಲಗಿವಿಯ ಸಂದಿಗೆ ಒಂದು ದಳ ತುಳಸಿ ಸಿಕ್ಕಿಸಿಕೊಳ್ಳುವುದು ಮಾತ್ರ ಉಪನಯನವಾದಂದಿನಿಂದ ಎಷ್ಟು ಮೈಗೂಡಿತ್ತೆಂದರೆ, ಅದು ಅಲ್ಲಿರುವುದೇ ಅವನ ನೆನಪಿನಲ್ಲಿರುತ್ತಿರಲಿಲ್ಲ. ಈಗ ನೆನಪಾಯಿತು. ವಿಗ್ರಹ ಹಿಡಿದಿದ್ದ ಕೈಗಳಲ್ಲಿ ಒಂದು ತಾನಾಗಿ ಬಿಡಿಸಿಕೊಂಡು ಕಿವಿಯತ್ತ ಏರಿತು. ಇನ್ನೂ ಏನೋ ಹೇಳುತ್ತಿದ್ದ ಅತ್ತಿಗೆಯ ಕಣ್ಣು ಆ ಕೈಯ ಹಿಂದೆಯೇ ಹೋಗಿ, ಅಲ್ಲಿ ಹಸಿರಾಗಿದ್ದ ಇಂದಿನ ದಳದ ಮೇಲೆ ನಿಂತಿತು, ಮತ್ತು ಅವಳ ಮಾತು ಅರ್ಧಕ್ಕೇ ನಿಂತುಹೋಯಿತು.