ಚಿಲಕ ಊದಲಿಲ್ಲ

"ದಂಡ ಹತ್ತು ಪಟ್ಟು ಮಾಡ್ಬೇಕು! ಲೈಸೆನ್ಸ್ ಕಿತ್ಕೊಂಡು ಹರಿದು ಹಾಕ್ಬೇಕು! ಆಮೇಲೆ ಜೈಲು!"

ಚಿಲಕ ಮೇಜು ಗುದ್ದಿದಳು. ಮಿಸ್ ಇಟ್ಟಿದ್ದ ಪೆನ್ ಡಬ್ಬಿ ಉರುಳಿತು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು.

ಅವಳ ಅಪ್ಪ ಬೀಗ ರಿಪೇರಿ ಮಾಡುವವನು. ಹಾಗಾಗಿ ಕ್ಲಾಸಿನಲ್ಲಿ ಅವಳಿಗೆ ಚಿಲಕ ಅಂತ ಹೆಸರು. ಅವಳ ಬಾಯಿಗೆ ಮಾತ್ರ ಚಿಲಕವೂ ಇಲ್ಲ, ಬೀಗವೂ ಇಲ್ಲ. ಅದಕ್ಕೇ ಚರ್ಚಾಸ್ಪರ್ಧೆಗೆ ಅವಳನ್ನು ಆರಿಸಿದ್ದರು. ವಿಷಯ: ಶಿಕ್ಷೆ ಜೋರಾದರೆ ಜನ ಕುಡಿದು ಗಾಡಿ ಓಡಿಸುವುದನ್ನು ಬಿಡುತ್ತಾರೆ. ಚಿಲಕ ಪರ, ಗುಂಗುರು ಕೂದಲಿನ ಹುಡುಗ ವಿರೋಧ. ಇವತ್ತು ರಿಹರ್ಸಲ್, ಸೋಮವಾರ ಸ್ಪರ್ಧೆ.

ಗುಂಗುರು ಎದ್ದು ನಿಂತ. ಅವನದು ಯಾವಾಗಲೂ ಮೆಲುದನಿ.

"ಒಂದು ಡೌಟು. ಎರಡನೇ ಸಲ ಸಿಕ್ಕಿಬೀಳ್ತಾರಲ್ಲ, ಅವರಿಗೆ ಮೊದಲನೇ ಸಲಾನೂ ಶಿಕ್ಷೆ ಆಗಿತ್ತು ತಾನೇ? ಮತ್ಯಾಕೆ ಕುಡಿದು ಓಡಿಸಿದ್ರು?"

ಚಿಲಕ ಬಾಯಿ ತೆರೆದಳು. ಹಾಗೇ ಮುಚ್ಚಿ, ಉರುಳಿದ್ದ ಪೆನ್ ಡಬ್ಬಿಯನ್ನು ಎತ್ತಿಡತೊಡಗಿದಳು.

"ಚಿಲಕ ಬಿತ್ತು ಕಣ್ರೋ!" ಅಂತ ಹಿಂದಿನ ಬೆಂಚಿನವರು ಕೂಗಿದರು.

ಅವರಿಗೇನು ಗೊತ್ತು? ಅವಳ ಅಪ್ಪನೇ ಎರಡು ಸಲ ಸಿಕ್ಕಿಬಿದ್ದಿದ್ದ. ಮೊದಲ ಸಲ ದಂಡ ಕಟ್ಟಿ, ಕಿವಿ ಹಿಡಿದುಕೊಂಡು, "ಇನ್ನು ಮುಟ್ಟಲ್ಲ" ಅಂದಿದ್ದ. ಎರಡನೇ ಸಲ ಒಂದು ವರ್ಷ ಲೈಸೆನ್ಸೇ ಹೋಯಿತು. ಈಗ ಅದು ವಾಪಸ್ ಬಂದಿದೆ. ಜೊತೆಗೆ ಕೋರ್ಟಿನವರು ವ್ಯಾನಿನಲ್ಲಿ ಒಂದು ಊದುವ ಮೆಷಿನ್ ಕೂರಿಸಿದ್ದಾರೆ. ಪ್ರತಿ ಸಲ ವ್ಯಾನ್ ಸ್ಟಾರ್ಟ್ ಮಾಡುವ ಮೊದಲು ಅದರ ಕೊಳವೆಗೆ ಊದಬೇಕು. ಕುಡಿಯದಿದ್ದರೆ ಹಸಿರು ದೀಪ, ವ್ಯಾನ್ ಸ್ಟಾರ್ಟ್. ಕುಡಿದಿದ್ದರೆ ಕೆಂಪು ದೀಪ. ಆಮೇಲೆ ತಲೆಕೆಳಗಾಗಿ ನಿಂತರೂ ವ್ಯಾನ್ ಅಲುಗುವುದಿಲ್ಲ.

ಇಷ್ಟೇ ಆಗಿದ್ದರೆ ಚಿಲಕ ಹೇಗೋ ಉತ್ತರ ಕೊಡುತ್ತಿದ್ದಳು. ಆದರೆ ಕಳೆದ ಶನಿವಾರ ಆ ಕೊಳವೆಗೆ ಊದಿದ್ದು ಅವಳು. "ನಮ್ಮಿಬ್ಬರಲ್ಲೇ ಇರ್ಲಿ ಮರೀ" ಅಂದಿದ್ದ ಅಪ್ಪ. ಅಮ್ಮನಿಗೂ ಹೇಳಿರಲಿಲ್ಲ.

ಮರುದಿನ ಶನಿವಾರ. ಚಿಲಕ ಅಂಗಡಿಯಲ್ಲಿ ಕೀಲಿಗಳಿಗೆ ನಂಬರ್ ಚೀಟಿ ಕಟ್ಟುತ್ತಿದ್ದಳು. ಟೋಪಿ ಹಾಕಿದ ಅಜ್ಜಿಯೊಬ್ಬರು ಬಂದರು.

"ಮನೆಗೆ ಕಳ್ಳ ನುಗ್ಗಿದ್ದನಪ್ಪಾ. ನಿನ್ನ ಹತ್ರ ಇರೋದ್ರಲ್ಲೇ ದೊಡ್ಡ ಬೀಗ ಕೊಡು."

"ಬೀಗ ಒಡೆದಿದ್ನಾ?"

"ಇಲ್ಲ, ತೆಗೆದಿದ್ದ."

"ಕೀಲಿ ಎಲ್ಲಿಡ್ತೀರಿ?"

"ಇನ್ನೆಲ್ಲಿ, ಹೂಕುಂಡದ ಕೆಳಗೆ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಗಾದ್ರೆ ಆನೆಯಷ್ಟು ದೊಡ್ಡ ಬೀಗ ಹಾಕಿದ್ರೂ ಅಷ್ಟೇ ಅಜ್ಜೀ! ಹಳೇ ಬೀಗಾನೇ ಸಾಕು. ಕೀಲಿ ಜೋಪಾನ ಮಾಡಿ." ಅಜ್ಜಿಯೂ ನಕ್ಕು ಹೋದರು. ಇಂಥ ಅಪ್ಪನೆಂದರೆ ಚಿಲಕಳಿಗೆ ಪ್ರಾಣ.

ಊಟವಾದ ಮೇಲೆ ಅಪ್ಪ ಹಿಂದಿನ ಕೋಣೆಗೆ ಹೋದ. ಬರುವಾಗ ಪೆಪ್ಪರ್‌ಮಿಂಟ್ ಚೀಪುತ್ತಿದ್ದ. ಕಳೆದ ಶನಿವಾರವೂ ಅವನ ಬಾಯಿಂದ ಇದೇ ವಾಸನೆ ಬಂದಿತ್ತು.

ಅಷ್ಟರಲ್ಲಿ ಫೋನ್. ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನ ಬೀಗದಲ್ಲೇ ಕೀಲಿ ಮುರಿದಿದೆ, ಹೊರಗೆ ಆರು ಜನ ಕೆನ್ನೆ ಹಿಡಿದುಕೊಂಡು ನಿಂತಿದ್ದಾರೆ, ಬೇಗ ಬನ್ನಿ.

"ಹತ್ತೇ ನಿಮಿಷ ಡಾಕ್ಟ್ರೇ!" ಅಪ್ಪ ಟೂಲ್ ಬಾಕ್ಸ್ ಎತ್ತಿಕೊಂಡು ವ್ಯಾನ್ ಹತ್ತಿದ. ಚಿಲಕ ಪಕ್ಕದಲ್ಲಿ ಕೂತಳು. ಅಪ್ಪ ಊದಿದ. ಕೆಂಪು ದೀಪ.

"ಥತ್! ಒಂದೇ ಒಂದು ಗ್ಲಾಸ್ ಕಣೇ." ಅಪ್ಪ ಕೊಳವೆಯನ್ನು ಅವಳತ್ತ ತಿರುಗಿಸಿದ. "ಊದು ಮರೀ, ಬೇಗ."

ಚಿಲಕ ತುಟಿ ಬಿಗಿದುಕೊಂಡಳು.

"ಜನ ಹಲ್ಲುನೋವಲ್ಲಿ ಒದ್ದಾಡ್ತಿದಾರೆ. ಹೋದ ವಾರ ಊದಿದ್ಯಲ್ಲ, ಏನಾಯ್ತು? ಏನೂ ಆಗ್ಲಿಲ್ಲ."

"ಆಗಿತ್ತು" ಅಂದಳು ಚಿಲಕ. "ಸ್ಕೂಲ್ ಗೇಟ್ ಹತ್ರ ನೀನು ಬ್ರೇಕ್ ಹಾಕಿದ್ದು ಲೇಟಾಗಿತ್ತು. ಪುಟ್ಟ ಹುಡುಗ ಒಬ್ಬ ಹಿಂದಕ್ಕೆ ಹಾರಿದ. ನೀನು ನೋಡ್ಲಿಲ್ಲ. ನಾನು ನೋಡ್ದೆ."

ಅಪ್ಪನ ಮುಖ ಕೆಂಪಾಯಿತು. "ದಂಡ ಕಟ್ಟಿದೀನಿ. ಒಂದು ವರ್ಷ ಈ ಟೂಲ್ ಪೆಟ್ಟಿಗೆ ಹೊತ್ಕೊಂಡು ಬೀದಿ ಬೀದಿ ನಡೆದಿದೀನಿ. ಇನ್ನೂ ಎಷ್ಟು ಶಿಕ್ಷೆ ಬೇಕು ನಂಗೆ? ಈಗ ನೀನು ಬೇರೆ! ಊದು ಅಂದ್ರೆ ಊದು!"

ಅಪ್ಪ ಎಂದೂ ಹೀಗೆ ಗದರಿದವನಲ್ಲ. ಚಿಲಕಳಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಕೇಳಿದಳು.

"ಅಪ್ಪಾ, ಆ ಹೂಕುಂಡದ ಕೆಳಗಿನ ಕೀಲಿ ನಾನೇನಾ?"

ಅಪ್ಪನ ಕೈಯಿಂದ ಕೊಳವೆ ಜಾರಿತು. ಫೋನ್ ಮತ್ತೆ ಬಡಿದುಕೊಂಡಿತು.

"ಡಾಕ್ಟ್ರೇ, ಮೂಲೆಯ ಬೀಗದ ಅಂಗಡಿಯವನನ್ನ ಕರೀರಿ. ಅವನ ಕೆಲಸ ಚೆನ್ನಾಗಿದೆ." ಆ ಮೂಲೆ ಅಂಗಡಿಯವನನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ! "ಇಲ್ಲ, ವ್ಯಾನ್ ಕೆಟ್ಟಿಲ್ಲ. ನಾನು… ನಾನು ಕುಡಿದಿದೀನಿ."

ಇಬ್ಬರೂ ಅಂಗಡಿ ಮುಚ್ಚಿ ಮನೆಯ ಕಡೆ ನಡೆದರು. ಟೂಲ್ ಬಾಕ್ಸಿನ ಒಂದು ಹಿಡಿ ಅಪ್ಪನ ಕೈಲಿ, ಇನ್ನೊಂದು ಚಿಲಕಳ ಕೈಲಿ.

"ಅಮ್ಮನಿಗೆ ಹೇಳ್ತೀಯಾ?" ಅಪ್ಪ ಮೆಲ್ಲಗೆ ಕೇಳಿದ.

"ನೀನೇ ಹೇಳು. ನಾನು ಪಕ್ಕದಲ್ಲೇ ಕೂತಿರ್ತೀನಿ."

"ಒಬ್ಬನೇ ಈ ಕುಡಿತ ಬಿಡೋದು ನನ್ನ ಕೈಲಿ ಆಗ್ತಿಲ್ಲ ಮರೀ" ಅಂದ ಅಪ್ಪ. ಈ ಮಾತನ್ನು ಅವನು ಕೋರ್ಟಿನಲ್ಲೂ ಹೇಳಿರಲಿಲ್ಲ.

ಚಿಲಕ ಪೆಟ್ಟಿಗೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಸೋಮವಾರ ಗುಂಗುರುವಿಗೆ ಏನು ಉತ್ತರ ಕೊಡಬೇಕೋ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಮೇಜು ಗುದ್ದುವುದಿಲ್ಲ ಅನ್ನೋದು ಮಾತ್ರ ಗೊತ್ತಿತ್ತು.